ಚೆಂಡೆ ಕೇಳಿ ಬಟನ್ ಒತ್ತಿ: ರಾತ್ರಿ ಆಟದ ಫೋಟೋ ತೆಗೆಯುವವರಿಗೆ

(ಯುವ ಛಾಯಾಗ್ರಾಹಕರ ಶಿಬಿರವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಕ್ಯಾಮೆರಾ ಹಿಡಿದುಕೊಂಡೇ ಬಂದಿದ್ದೀರಿ. ಯಾವ ಲೆನ್ಸ್ ಬೇಕು, ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆ, ಎಷ್ಟಿಡಬೇಕು, ಈ ಎರಡು ಪ್ರಶ್ನೆ ಹೇಗೂ ಬರುತ್ತವೆ. ಅದಕ್ಕೆ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದ ಮಾತು ಬೇರೆ ಇದೆ. ರಾತ್ರಿ ಆಟದ, ಅಂದರೆ ಯಕ್ಷಗಾನದ, ಫೋಟೋ ಕೆಡುವುದು ಬೆಳಕು ಸಾಲದೆ ಅಂತ ಎಲ್ಲರೂ ದೂರುತ್ತಾರೆ. ಬೆಳಕಿನ ಕೊರತೆಯನ್ನು ಈಗಿನ ಕ್ಯಾಮೆರಾಗಳು ಬಹಳ ಮಟ್ಟಿಗೆ ತುಂಬಿಕೊಡುತ್ತವೆ. ಯಾವ ಗಳಿಗೆಗೆ ಬಟನ್ ಒತ್ತಬೇಕು ಅನ್ನುವುದನ್ನು ಮಾತ್ರ ಯಾವ ಕ್ಯಾಮೆರಾವೂ ಹೇಳಿಕೊಡುವುದಿಲ್ಲ. ಅದನ್ನು ಹೇಳಿಕೊಡುವವರು ಪದ್ಯ ಹಾಡುವ ಭಾಗವತರು, ಚೆಂಡೆಯವರು, ಮದ್ದಳೆಯವರು. ಅವರು ರಾತ್ರಿಯಿಡೀ ಹೇಳುತ್ತಲೇ ಇರುತ್ತಾರೆ. ನಾವು ಕಣ್ಣನ್ನು ವ್ಯೂಫೈಂಡರಿಗೆ ಒತ್ತಿಕೊಂಡು ಕಿವಿ ಮುಚ್ಚಿಕೊಂಡಿರುತ್ತೇವೆ.

ಬೆಳಕು ಎಷ್ಟು ದೊಡ್ಡ ಕಷ್ಟವಾಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳೋಣ. ಫಿಲಂ ಕಾಲದಲ್ಲಿ 400 ವೇಗದ ಕಪ್ಪುಬಿಳುಪು ರೋಲ್ ಹಾಕಿ, ಅದನ್ನು 1600 ಅಂತ ಲೆಕ್ಕ ಹಿಡಿದು ತೆಗೆದು, ಡಾರ್ಕ್‌ರೂಮಿನಲ್ಲಿ ಜಾಸ್ತಿ ಹೊತ್ತು ಡೆವಲಪ್ ಮಾಡುತ್ತಿದ್ದರು. ಅಷ್ಟು ಮಾಡಿದರೂ ಶಟರ್ ವೇಗ 1/60 ಸೆಕೆಂಡಿನಿಂದ ಮೇಲೆ ಹೋಗಲು ಒದ್ದಾಟ. 2007ರಲ್ಲಿ ನಿಕಾನ್ ಡಿ3 ಬಂತು. ಅದರಲ್ಲಿ ಐಎಸ್‌ಒ 6400ರಲ್ಲೂ ಬಳಸುವಂಥ ಚಿತ್ರ ಸಿಕ್ಕಿತು. ರಂಗದ ಫೋಟೋ ತೆಗೆಯುವವರಿಗೆ ಅದು ದೊಡ್ಡ ತಿರುವು. ಇವತ್ತು ನಿಮ್ಮ ಕೈಯಲ್ಲಿರುವ ಸಾಧಾರಣ ಕ್ಯಾಮೆರಾದಲ್ಲೂ 6400 ಧೈರ್ಯವಾಗಿ ಇಡಬಹುದು.

ಗದ್ದೆಯಲ್ಲಿ ಕಟ್ಟಿದ ರಂಗಸ್ಥಳದಲ್ಲಿ ನಾನು ಶುರು ಮಾಡುವುದು ಎಫ್ 2.8 (ಲೆನ್ಸ್ ತೆರೆಯುವ ಅಳತೆ), ಶಟರ್ 1/250, ಐಎಸ್‌ಒ 6400ರಿಂದ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಅಥವಾ ಚೌಡಯ್ಯ ಸ್ಮಾರಕ ಭವನದಂಥ ಕಡೆ ಬೆಳಕು ಚೆನ್ನಾಗಿ ಹಾಕಿದ್ದರೆ 1600 ಅಥವಾ 3200ಕ್ಕೆ ಇಳಿಸಬಹುದು. ಐಎಸ್‌ಒ ಏರಿಸಲು ಹೆದರಬೇಡಿ. ಕಾಳುಕಾಳಾದ ಫೋಟೋವನ್ನು ಮನೆಗೆ ಹೋಗಿ ಸರಿ ಮಾಡಬಹುದು. ಅಲುಗಿದ ಮುಖವನ್ನು ಸರಿ ಮಾಡುವ ದಾರಿ ಇಲ್ಲ.

ಈಗ 1/250 ಯಾಕೆ, 1/1000 ಯಾಕಲ್ಲ ಅನ್ನುವುದಕ್ಕೆ ಬರೋಣ. ಸ್ವಲ್ಪ ಲೆಕ್ಕ ಇದೆ, ಬೇಸರಿಸಬೇಡಿ. ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಪುಂಡುವೇಷದವರು (ಎಳೆಯ ವೀರರ ಪಾತ್ರದವರು) ಧೀಂಗಿಣ ಹೊಡೆಯುವುದನ್ನು, ಹಾರಿ ಹಾರಿ ಸುತ್ತು ತಿರುಗುವುದನ್ನು, ನೋಡಿದ್ದೀರಲ್ಲ? ಒಂದು ಸುತ್ತಿಗೆ ಸುಮಾರು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಚಾಚಿದ ಕೈ ಮೈಯ ನಡುವಿನಿಂದ 70 ಸೆಂಟಿಮೀಟರ್ ದೂರ ಇದೆ ಅನ್ನೋಣ. ಆಗ ಬೆರಳ ತುದಿ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಓಡುತ್ತದೆ. 1/250 ಸೆಕೆಂಡಿನಲ್ಲಿ ಅದು ಹದಿನೇಳು ಹದಿನೆಂಟು ಮಿಲಿಮೀಟರ್ ಸರಿಯುತ್ತದೆ, ಅಂದರೆ ಒಂದು ಬೆರಳಿನ ಅಗಲ. ಫೋಟೋದಲ್ಲಿ ಬೆರಳು ಅಲುಗಿದಂತೆ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಮುಖ ಏನು ಮಾಡುತ್ತಿದೆ? ಮೂಗಿನ ತುದಿ ನಡುವಿನಿಂದ ಹತ್ತು ಸೆಂಟಿಮೀಟರ್ ಅಷ್ಟೇ ದೂರ. ಅದು ಸರಿಯುವುದು ಎರಡೂವರೆ ಮಿಲಿಮೀಟರ್. ದೂರದಿಂದ ತೆಗೆದ ಫೋಟೋದಲ್ಲಿ ಅದು ಗೊತ್ತೂ ಆಗುವುದಿಲ್ಲ. ಮುಖ ಸ್ಪಷ್ಟ, ಕೈಯಲ್ಲಿ, ಸೊಂಟದ ಬಟ್ಟೆಯ ಅಂಚಿನಲ್ಲಿ ಸ್ವಲ್ಪ ಚಲನೆ. ನನಗೆ ಇಷ್ಟವಾಗುವ ಧೀಂಗಿಣದ ಫೋಟೋ ಇದು. 1/1000ಕ್ಕೆ ಹೋದರೆ ಎಲ್ಲವೂ ನಿಂತುಬಿಡುತ್ತದೆ. ಕುಣಿಯುವವರು ಗಾಳಿಯಲ್ಲಿ ತೂಗುಹಾಕಿದ ಬೊಂಬೆಯಂತೆ ಕಾಣುತ್ತಾರೆ. ಅದಕ್ಕಾಗಿ ಎರಡು ಸ್ಟಾಪ್ ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಕಳೆದುಕೊಂಡು ಐಎಸ್‌ಒ 25,600ಕ್ಕೆ ಏರಬೇಕು. ಯಾಕೆ?

ಇನ್ನು ಹಾರುವ ಕುಣಿತ. ಕಲಾವಿದರು ನೆಲದಿಂದ 40 ಸೆಂಟಿಮೀಟರ್ ಹಾರಿದರು ಅನ್ನಿ. ಗಾಳಿಯಲ್ಲಿ ಇರುವ ಹೊತ್ತು ಒಟ್ಟು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಆ ಹೊತ್ತಿನಲ್ಲಿ ಅರ್ಧದಷ್ಟನ್ನು ಅವರು ಕಳೆಯುವುದು ಮೇಲಿನ ಹತ್ತು ಸೆಂಟಿಮೀಟರಿನಲ್ಲೇ. ಏರುವಾಗ ವೇಗ ಕಡಿಮೆಯಾಗುತ್ತಾ ಬಂದು, ತುದಿಯಲ್ಲಿ ಪೂರ್ತಿ ನಿಂತು, ಆಮೇಲೆ ಇಳಿಯುವುದು ಶುರುವಾಗುತ್ತದೆ. ತುದಿಯಲ್ಲಿ ಹಿಡಿದರೆ 1/250 ಧಾರಾಳ, ಕೆಲವೊಮ್ಮೆ 1/160 ಕೂಡ ಸಾಕು. ನೆಲ ಬಿಡುವಾಗ, ನೆಲ ಮುಟ್ಟುವಾಗ ಹಿಡಿಯಲು ಹೋದರೆ 1/500 ಸಹ ಸಾಲುವುದಿಲ್ಲ. ಬೆಳಕು ಅಷ್ಟೇ, ಕ್ಯಾಮೆರಾ ಅದೇ. ಕಾಲು ಸೆಕೆಂಡಿನ ಹಿಂದುಮುಂದು ಅಷ್ಟು ಫರಕು ಮಾಡುತ್ತದೆ.

ಆ ತುದಿಯನ್ನು ನೋಡಿ ಒತ್ತಲು ಆಗುವುದಿಲ್ಲ. ಕಣ್ಣು ನೋಡಿ, ಮಿದುಳಿಗೆ ಗೊತ್ತಾಗಿ, ಬೆರಳು ಒತ್ತುವಷ್ಟರಲ್ಲಿ ಸುಮಾರು ಕಾಲು ಸೆಕೆಂಡ್ ಹೋಗಿರುತ್ತದೆ. ಅಷ್ಟು ಹೊತ್ತಿಗೆ ಕಲಾವಿದರು ಮುಕ್ಕಾಲು ಭಾಗ ಇಳಿದಾಗಿದೆ. ನೋಡಿ ಒತ್ತಿದವರಿಗೆ ಯಾವಾಗಲೂ ಸಿಗುವುದು ಆಗಿಹೋದದ್ದು. ಮೊದಲೇ ಗೊತ್ತಿದ್ದು ಒತ್ತಬೇಕು. ಮೊದಲೇ ಗೊತ್ತಾಗುವುದು ಕಿವಿಗೆ.

ಧೀಂಗಿಣ ಸುಮ್ನೆ ಎಲ್ಲೆಂದರಲ್ಲಿ ಬರುವುದಿಲ್ಲ. ಪದ್ಯ ಏರುತ್ತದೆ, ಚೆಂಡೆಯ ಪೆಟ್ಟು ಒತ್ತೊತ್ತಾಗುತ್ತದೆ, ವೇಷಧಾರಿ ರಂಗಸ್ಥಳದಲ್ಲಿ ಜಾಗ ಮಾಡಿಕೊಳ್ಳುತ್ತಾರೆ. ಆಮೇಲೆ ಸುತ್ತು ಶುರು. ಒಂದಾದ ಮೇಲೆ ಒಂದು, ಒಂದೇ ಲಯದಲ್ಲಿ, ರಂಗಸ್ಥಳವನ್ನು ಬಳಸಿ ಬರುತ್ತಾರೆ. ಮೊದಲ ಎರಡು ಮೂರು ಸುತ್ತನ್ನು ಬಿಟ್ಟುಬಿಡಿ. ಬೆರಳು ಒತ್ತಬೇಡಿ, ಕೇಳಿ. ಎಷ್ಟನೇ ಪೆಟ್ಟಿಗೆ ಕಾಲು ನೆಲ ಬಿಡುತ್ತದೆ, ಎಷ್ಟನೇ ಪೆಟ್ಟಿಗೆ ಮುಖ ನಿಮ್ಮ ಕಡೆ ಬರುತ್ತದೆ ಅನ್ನುವುದು ಮೈಗೆ ಹತ್ತುತ್ತದೆ. ಆಮೇಲೆ ಆ ಪೆಟ್ಟಿನ ಜೊತೆಗೇ ಒತ್ತಿ. ಬಡಗಿನ, ಅಂದರೆ ಉತ್ತರದ ಶೈಲಿಯ, ಮಂಡಿ ಕುಣಿತಕ್ಕೂ ಇದೇ ಮಾತು. ಮಂಡಿಯಲ್ಲಿ ತಿರುಗುವಾಗ ಕಲಾವಿದರ ಮುಖ ಪ್ರತಿ ಸುತ್ತಿಗೂ ನಿಮ್ಮ ಎದುರಿಗೆ ಒಮ್ಮೆ ಬಂದೇ ಬರುತ್ತದೆ. ಅಲ್ಲಿ ಇನ್ನೊಂದು ಅನುಕೂಲ, ಕಲಾವಿದರ ಎತ್ತರ ಬದಲಾಗುವುದಿಲ್ಲ, ಫ್ರೇಮ್ ಸರಿ ಮಾಡಿಕೊಂಡು ಕಾಯಬಹುದು.

ಭರತನಾಟ್ಯಕ್ಕೆ ಹೋದಾಗ ಇನ್ನೂ ಸುಲಭವಾದ ಸೂಚನೆ ಸಿಗುತ್ತದೆ. ಜತಿ ಅಂದರೆ ಸೊಲ್ಲುಗಳಿಗೆ ಹೊಂದಿಸಿದ ಹೆಜ್ಜೆಗಳ ಸರಣಿ. ಅದರ ಮುಕ್ತಾಯದ ಭಾಗಕ್ಕೆ ತೀರ್ಮಾನ ಅನ್ನುತ್ತಾರೆ, ಅದು ಸಾಮಾನ್ಯವಾಗಿ ಮೂರು ಸಲ ಬರುತ್ತದೆ. ಒಂದೇ ಅಡವಿನ ಗುಂಪು, ಮೂರು ಸಲ. ಮೊದಲನೆಯದನ್ನು ನೋಡಿ, ಎರಡನೆಯದಕ್ಕೆ ಫ್ರೇಮ್ ಕಟ್ಟಿಕೊಳ್ಳಿ, ಮೂರನೆಯದರ ಕೊನೆಯ ಪೆಟ್ಟಿಗೆ ಒತ್ತಿ. ಅಲ್ಲಿ ನೃತ್ಯಗಾರ್ತಿ ಒಂದು ಗಳಿಗೆ ನಿಲ್ಲುತ್ತಾರೆ. ಕಥಕ್‌ನ ತಿಹಾಯಿಯೂ ಹಾಗೇ, ಮೂರು ಸಲ ಬಂದು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಇಳಿಯುತ್ತದೆ. ಚಕ್ಕರ್, ಅಂದರೆ ಸುತ್ತು ತಿರುಗುವುದು, ಎಷ್ಟೇ ವೇಗವಾಗಿದ್ದರೂ ಸಮ್‌ನಲ್ಲಿ ಮೈ ಕಲ್ಲಾಗುತ್ತದೆ. ಕಥಕ್ ಗುರು ಮಾಯಾ ರಾವ್ ಅವರಿಂದಾಗಿ ಬೆಂಗಳೂರಿಗೆ ಕಥಕ್ ಹೊಸದಲ್ಲ, ಆ ಕಾರ್ಯಕ್ರಮಗಳಿಗೆ ಹೋಗಿ, ಕಣ್ಣು ಮುಚ್ಚಿ ತಿಹಾಯಿ ಎಣಿಸಿ ನೋಡಿ. ಹೆಸರಘಟ್ಟದ ನೃತ್ಯಗ್ರಾಮದ ಒಡಿಸ್ಸಿ ನೋಡಿದವರಿಗೆ ಗೊತ್ತು, ಅಲ್ಲಿ ಮೈಯನ್ನು ಮೂರು ಕಡೆ ಬಾಗಿಸುವ ತ್ರಿಭಂಗಿಯಂಥ ನಿಲುವುಗಳೇ ಸಾಕಷ್ಟು ಹೊತ್ತು ಸಿಗುತ್ತವೆ. ಹೊಸಬರು ಅಲ್ಲಿಂದ ಶುರು ಮಾಡಿದರೆ ಒಳ್ಳೆಯದು.

ಯಾರೋ ಈಗಾಗಲೇ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ, ಇಷ್ಟೆಲ್ಲ ಯಾಕೆ, ಬರ್ಸ್ಟ್ ಮೋಡ್ ಇದೆಯಲ್ಲ ಅಂತ. ಲೆಕ್ಕ ಹಾಕಿ. ಸೆಕೆಂಡಿಗೆ ಹತ್ತು ಫೋಟೋ, ಒಂದೊಂದಕ್ಕೂ 1/500. ಹತ್ತೂ ಸೇರಿದರೆ ಶಟರ್ ತೆರೆದಿರುವುದು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಅಂದರೆ ನೂರರಲ್ಲಿ ತೊಂಬತ್ತೆಂಟು ಭಾಗ ಹೊತ್ತು ನಿಮ್ಮ ಕ್ಯಾಮೆರಾ ಏನನ್ನೂ ನೋಡುತ್ತಿಲ್ಲ. ಬೇಕಾದ ಗಳಿಗೆ ಎರಡು ಫೋಟೋಗಳ ನಡುವೆ ಜಾರಿಹೋಗುವುದು ಹೀಗೆ. ಬರ್ಸ್ಟ್ ಬೇಡ ಅನ್ನುವುದಿಲ್ಲ. ಸರಿಯಾದ ಪೆಟ್ಟಿಗೆ ಶುರು ಮಾಡಿ ಮೂರು ನಾಲ್ಕು ಫೋಟೋಗೆ ನಿಲ್ಲಿಸಿ. ಆಟ ಶುರುವಾದಾಗಿನಿಂದ ಬೆರಳು ಒತ್ತಿಕೊಂಡೇ ಕೂತರೆ ಮರುದಿನ ಸಾವಿರಾರು ಫೋಟೋಗಳ ಮುಂದೆ ಕೂತು ಕಣ್ಣು ನೋಯಿಸಿಕೊಳ್ಳುತ್ತೀರಿ, ಅಷ್ಟೇ.

ಕಿವಿಯ ಜೊತೆಗೆ ಕಥೆಯೂ ಗೊತ್ತಿರಬೇಕು. ಭಸ್ಮಾಸುರ ಮೋಹಿನಿ ತೆಗೆದುಕೊಳ್ಳಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲೆಂದೇ ಜನ ದೂರದೂರಿಂದ ಬರುತ್ತಿದ್ದರು. ಮೋಹಿನಿ ಕುಣಿದಂತೆ ಅವನೂ ಕುಣಿಯುತ್ತಾನೆ, ಕೊನೆಗೆ ತನ್ನ ಕೈ ತನ್ನ ತಲೆಯ ಮೇಲೆ. ಈ ಆಟದಲ್ಲಿ ಕ್ಯಾಮೆರಾ ಇರುವವರೆಲ್ಲ ಕೈ ತಲೆಯ ಮೇಲೆ ಬಿದ್ದಾಗ ಒತ್ತುತ್ತಾರೆ. ನನ್ನ ಕಣ್ಣಿಗೆ ಅದಕ್ಕಿಂತ ಮೊದಲಿನ ಗಳಿಗೆ ದೊಡ್ಡದು. ಕೈ ಏರುತ್ತಿದೆ, ಕಣ್ಣು ಇನ್ನೂ ಮೋಹಿನಿಯ ಮೇಲಿದೆ, ಮುಖದಲ್ಲಿ ಆಸೆ ಬಿಟ್ಟು ಬೇರೇನೂ ಇಲ್ಲ. ತನಗೆ ಏನು ಕಾದಿದೆ ಅಂತ ಅವನೊಬ್ಬನಿಗೆ ಗೊತ್ತಿಲ್ಲ, ಇಡೀ ಸಭೆಗೆ ಗೊತ್ತು. ಕಥೆ ಗೊತ್ತಿಲ್ಲದ ಛಾಯಾಗ್ರಾಹಕರಿಗೆ ಆ ಮುಖ ಸಿಗುವುದಿಲ್ಲ. ಅವರು ಕೈಗಾಗಿ ಕಾಯುತ್ತಿರುತ್ತಾರೆ.

ಈಗ ಬೆಳಕಿಗೆ ಬರೋಣ. ಇಲ್ಲಿ ನನಗೆ ಹೇಳಲು ಬಹಳ ಇದೆ.

ಯಕ್ಷಗಾನದ ಬಣ್ಣಗಳು ಹುಟ್ಟಿದ್ದು ದೊಂದಿ ಬೆಳಕಿನಲ್ಲಿ, ಎಣ್ಣೆ ದೀಪದ ಬೆಳಕಿನಲ್ಲಿ. ಗಾಢ ಕೆಂಪು, ಕಪ್ಪು, ಬೇಗಡೆ ಹಚ್ಚಿದ ಮರದ ಆಭರಣಗಳು, ಇವೆಲ್ಲ ಆ ಅಲುಗುವ ಹಳದಿ ಬೆಳಕಿಗೆ ಹೊಂದಿಕೊಂಡವು. ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಹ್ಯಾಲೋಜನ್ ಬಂತು, ಈಗ ಎಲ್‌ಇಡಿ. ಒಂದೊಂದು ದೀಪದಲ್ಲೂ ಮುಖವರ್ಣಿಕೆ ಒಂದೊಂದು ಥರ ಕಾಣುತ್ತದೆ. ನಾನು ಮಾಡುವುದು ಇಷ್ಟು: ಆಟಕ್ಕೆ ಮುಂಚೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗುತ್ತೇನೆ. ಮೇಳದವರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು. ಅಲ್ಲಿ ದೇವರ ಪೂಜೆ ಆಗುವ ಜಾಗ, ಮರೆಯಬೇಡಿ. ಬಣ್ಣ ಹಚ್ಚಿಕೊಳ್ಳುವಾಗ ಯಾವ ಕೆಂಪು, ಯಾವ ಹಳದಿ ಅಂತ ಕಣ್ಣಲ್ಲಿ ತುಂಬಿಕೊಳ್ಳುತ್ತೇನೆ. ಮರುದಿನ ಕಂಪ್ಯೂಟರಿನಲ್ಲಿ ಬಣ್ಣ ಸರಿ ಮಾಡುವಾಗ ಆ ನೆನಪೇ ನನ್ನ ಅಳತೆ. ಇದಕ್ಕಾಗಿ ರಾ (RAW) ಫೈಲಿನಲ್ಲೇ, ಸೆನ್ಸರ್ ಕಂಡದ್ದನ್ನೆಲ್ಲ ಇಟ್ಟುಕೊಳ್ಳುವ ಫೈಲಿನಲ್ಲೇ, ತೆಗೆಯಿರಿ. ಜೆಪೆಗ್‌ನಲ್ಲಿ ಒಮ್ಮೆ ಬಣ್ಣ ತಪ್ಪಿದರೆ ಹಿಂದಕ್ಕೆ ಬರುವುದು ಕಷ್ಟ.

ಟ್ಯೂಬ್‌ಲೈಟ್ ಕೆಳಗೆ ಬೇಗದ ಶಟರಿನಲ್ಲಿ ತೆಗೆದಾಗ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಂದು, ಅದರ ಮುಂದಿನದು ಅರ್ಧ ಕತ್ತಲು, ಹೀಗೆ ಬಂದಿದೆಯಾ? ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಹಾಗಾಗಿ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗುತ್ತದೆ, ಮತ್ತೆ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/100 ಇಟ್ಟರೆ ಒಂದು ಪೂರ್ತಿ ಏರಿಳಿತ ಒಳಗೆ ಬರುತ್ತದೆ, ಎಲ್ಲ ಫೋಟೋ ಒಂದೇ ಥರ. 1/500 ಇಟ್ಟರೆ ಏರಿಳಿತದ ಐದನೇ ಒಂದು ಭಾಗ ಮಾತ್ರ ಸಿಗುತ್ತದೆ, ಅದು ಬೆಳಗುವ ಭಾಗವೋ ಮಂಕಾಗುವ ಭಾಗವೋ ಅದೃಷ್ಟ. ಈಗಿನ ಹಲವು ಕ್ಯಾಮೆರಾಗಳಲ್ಲಿ ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇದೆ. ದೀಪ ಪೂರ್ತಿ ಬೆಳಗುವ ಗಳಿಗೆಗೆ ಕಾದು ಶಟರ್ ಬಿಡುತ್ತದೆ. ಮೆನುವಿನಲ್ಲಿ ಹುಡುಕಿ ಆನ್ ಮಾಡಿ. ಅದು ಇಲ್ಲದಿದ್ದರೆ, ಅಭಿನಯದ ಭಾಗಗಳನ್ನು 1/100ರಲ್ಲಿ ತೆಗೆಯಿರಿ, ಹಾರಾಟಕ್ಕೆ ಮಾತ್ರ ವೇಗ ಏರಿಸಿ.

ಎಲ್‌ಇಡಿಯ ಕಷ್ಟ ಬೇರೆ. ಮಂಕು ಮಾಡಿದ ಎಲ್‌ಇಡಿ ದೀಪಗಳು ಬಹಳ ವೇಗವಾಗಿ ಆರಿ ಹೊತ್ತುತ್ತಿರುತ್ತವೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಫೋಟೋದ ಮೇಲೆ ಅಡ್ಡಪಟ್ಟಿಗಳು ಬೀಳುತ್ತವೆ. ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುವುದರಿಂದ ಹೀಗಾಗುತ್ತದೆ. ಅದೇ ಕಾರಣಕ್ಕೆ ವೇಗವಾಗಿ ತಿರುಗುವ ಕಿರೀಟವೂ ಓರೆಯಾಗಿ ಕಾಣುತ್ತದೆ. ಪರದೆಯಲ್ಲಿ ಪಟ್ಟಿ ಕಂಡ ಕೂಡಲೇ ಮೆಕ್ಯಾನಿಕಲ್ ಶಟರಿಗೆ ಬದಲಿಸಿ.

ಇನ್ನು ಕೆಂಪು ಎಲ್‌ಇಡಿ. ರಾಕ್ಷಸ ಬಂದ ಅಂದರೆ ಇಡೀ ರಂಗಸ್ಥಳವನ್ನು ಕೆಂಪು ಮಾಡಿಬಿಡುವ ಅಭ್ಯಾಸ ಈಚೆಗೆ ಜಾಸ್ತಿಯಾಗಿದೆ. ನನಗೆ ಇದು ಒಪ್ಪಿಗೆಯಿಲ್ಲ, ಮುಕ್ತವಾಗಿ ಹೇಳುತ್ತೇನೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಕಲಾವಿದರು ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟು ಸುಣ್ಣದ ಚುಕ್ಕಿಗಳ ಚುಟ್ಟಿ ಇಟ್ಟುಕೊಂಡು, ಕೆಂಪು ಕಪ್ಪು ಬಿಳಿ ಗೆರೆಗಳನ್ನು ಎಳೆದುಕೊಂಡು ಬಂದಿರುತ್ತಾರೆ. ಕೆಂಪು ದೀಪದ ಕೆಳಗೆ ಬಿಳಿಯೂ ಕೆಂಪು, ಕೆಂಪೂ ಕೆಂಪು. ಅವರ ಅಷ್ಟೂ ಕೆಲಸ ಒಂದು ಸ್ವಿಚ್ಚಿನಲ್ಲಿ ಅಳಿಸಿಹೋಗುತ್ತದೆ. ಕ್ಯಾಮೆರಾಕ್ಕೂ ಇದು ಕಷ್ಟ. ಸೆನ್ಸರಿನ ನಾಲ್ಕು ಚುಕ್ಕಿಗಳಲ್ಲಿ ಕೆಂಪು ನೋಡುವುದು ಒಂದು ಮಾತ್ರ. ಬರೀ ಕೆಂಪು ಬೆಳಕಿದ್ದರೆ ಉಳಿದ ಮೂರಕ್ಕೆ ಕೆಲಸವೇ ಇಲ್ಲ, ಚಿತ್ರದ ಸೂಕ್ಷ್ಮ ಹೋಗುತ್ತದೆ. ಆ ಒಂದು ಬಣ್ಣ ತುಂಬಿ ತುಳುಕಿದ್ದು ಬೆಳಕಿನ ಹಂಚಿಕೆ ತೋರಿಸುವ ಸಾಧಾರಣ ಹಿಸ್ಟೋಗ್ರಾಮಿನಲ್ಲಿ ಕಾಣುವುದೂ ಇಲ್ಲ. ಮೂರು ಬಣ್ಣವನ್ನೂ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ, ಒಂದು ಸ್ಟಾಪ್ ಕತ್ತಲೆಯಾಗಿಯೇ ತೆಗೆಯಿರಿ. ದೀಪದವರ ಪರಿಚಯವಿದ್ದರೆ, ವೇಷ ಪ್ರವೇಶದಲ್ಲಾದರೂ ಬಿಳಿ ದೀಪ ಉಳಿಸಿ ಅಂತ ಕೇಳಿ. ನಯವಾಗಿ ಕೇಳಿದರೆ ಕೇಳುತ್ತಾರೆ.

ಎಕ್ಸ್‌ಪೋಶರ್ ವಿಷಯ ಬೇಗ ಮುಗಿಸುತ್ತೇನೆ. ಹಿಂದೆ ಕಪ್ಪು ಪರದೆ, ನಡುವೆ ಬೆಳಗಿದ ಮುಖ. ಕ್ಯಾಮೆರಾದ ಮೀಟರ್ ಆ ಕಪ್ಪನ್ನೆಲ್ಲ ನೋಡಿ, ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಬೆಳಕು ಏರಿಸುತ್ತದೆ. ಮುಖ ಸುಟ್ಟು ಬಿಳಿಯಾಗುತ್ತದೆ. ಮ್ಯಾನುವಲ್‌ನಲ್ಲಿ ಇಡಿ, ಇಲ್ಲವೇ ಒಂದರಿಂದ ಎರಡು ಸ್ಟಾಪ್ ಕಡಿಮೆ ಮಾಡಿ. ಒಂದು ವಿಷಯ ಗಮನದಲ್ಲಿರಲಿ, ಸಣ್ಣ ರಂಗಸ್ಥಳದಲ್ಲಿ ದೀಪ ಮುಂದಿನ ಕಂಬದಲ್ಲಿದ್ದರೆ, ದೀಪದಿಂದ ನಾಲ್ಕು ಮೀಟರ್ ದೂರ ಇದ್ದವರು ಆರು ಮೀಟರ್ ದೂರಕ್ಕೆ ಸರಿದಾಗ ಅವರ ಮೇಲೆ ಬೀಳುವ ಬೆಳಕು ಅರ್ಧಕ್ಕಿಂತ ಕಡಿಮೆ. ಎರಡೇ ಹೆಜ್ಜೆಗೆ ಒಂದು ಸ್ಟಾಪ್. ಅದಕ್ಕೇ ಆಟೋ ಐಎಸ್‌ಒ ಬಿಟ್ಟು, ಮುಂದಿನ ಜಾಗಕ್ಕೆ ಒಂದು, ಹಿಂದಿನ ಜಾಗಕ್ಕೆ ಒಂದು ಸೆಟ್ಟಿಂಗ್ ಅಂತ ಬೆರಳಿಗೆ ರೂಢಿ ಮಾಡಿಸಿ.

ದೇವಿ ಮಹಾತ್ಮೆಯ ಮಹಿಷಾಸುರನ ಪ್ರವೇಶದ ಬಗ್ಗೆ ಬೇರೆಯಾಗಿ ಹೇಳಲೇಬೇಕು, ಈ ಊರಿನ ಕಡೆ ಎಲ್ಲರಿಗೂ ಅದೇ ಫೋಟೋ ಬೇಕು. ನಡುರಾತ್ರಿ ಕಳೆದ ಮೇಲೆ, ಮಹಿಷ ಸಭೆಯ ಹಿಂದಿನಿಂದ ಜನರ ನಡುವೆ ಬರುತ್ತಾನೆ. ಮುಂದೆ ಹಿಂದೆ ದೊಂದಿ. ದೊಂದಿಗೆ ರಾಳದ ಹುಡಿ ಎಸೆದಾಗ ಬೆಂಕಿ ಭುಗ್ಗನೆ ಏಳುತ್ತದೆ. ಆ ಗಳಿಗೆ ಬೆಳಕು ಹಲವು ಪಟ್ಟು ಏರಿ ಕೂಡಲೇ ಇಳಿಯುತ್ತದೆ. ಯಾವ ಆಟೋ ಮೋಡೂ ಅದನ್ನು ಹಿಡಿಯಲಾರದು. ನನ್ನ ಮಾತು ಕೇಳುವುದಾದರೆ ರಾಳ ಏಳುವ ಗಳಿಗೆಗೇ ಸೆಟ್ ಮಾಡಿ. 1/250, ಎಫ್ 4, ಐಎಸ್‌ಒ 3200ರ ಹತ್ತಿರ ಇಟ್ಟು ನೋಡಿ. ರಾಳ ಇಲ್ಲದಾಗ ಫೋಟೋ ಕಪ್ಪಾಗಿ ಬರುತ್ತದೆ, ಬರಲಿ. ರಾಳ ಎದ್ದಾಗ ಕೋಡು, ಮುಖ, ಹೊಗೆ, ಸುತ್ತಲಿನ ಜನರ ಮುಖ ಎಲ್ಲ ಒಂದೇ ಬೆಂಕಿಯಿಂದ ಬೆಳಗುತ್ತದೆ. ಅದೂ ದೊಂದಿಯ ಬೆಳಕು, ಈ ವೇಷಕ್ಕೆ ಹುಟ್ಟಿನಿಂದ ಬಂದ ಬೆಳಕು. ಅದನ್ನು ಬಿಳಿ ಮಾಡಲು ಹೋಗಬೇಡಿ, ಹಳದಿ ಕೆಂಪು ಹಾಗೇ ಇರಲಿ. ಇಲ್ಲೂ ಕಿವಿ ಬೇಕು. ಅಬ್ಬರ ಏರಿದಂತೆ ರಾಳ ಹಾಕುವವರ ಕೈ ಏಳುತ್ತದೆ. ಮಹಿಷನ ಮುಖ ನೋಡುತ್ತಾ ಕೂರುವ ಬದಲು ಆ ಕೈಯನ್ನೂ ಗಮನಿಸಿ. ದಯವಿಟ್ಟು ದಾರಿಗೆ ಅಡ್ಡ ನಿಲ್ಲಬೇಡಿ. ತಲೆಯ ಮೇಲೆ ಅಷ್ಟು ಭಾರ ಹೊತ್ತು, ಕಣ್ಣಿಗೆ ಹೊಗೆ ತುಂಬಿಕೊಂಡು, ಬೆಂಕಿಯ ನಡುವೆ ಒಬ್ಬ ಮನುಷ್ಯ ನಡೆದು ಬರುತ್ತಿದ್ದಾರೆ. ನಮ್ಮ ಫೋಟೋಕ್ಕಿಂತ ಅವರ ಹೆಜ್ಜೆ ಮುಖ್ಯ.

ಲೆನ್ಸ್ ಪ್ರಶ್ನೆ. ಕಾಸು ಕಡಿಮೆ ಇದ್ದರೆ 50 ಎಂಎಂ ಎಫ್ 1.8. ಎಲ್ಲ ಕಂಪನಿಯದ್ದೂ ಅಗ್ಗಕ್ಕೆ ಸಿಗುತ್ತದೆ. ಹಳ್ಳಿಯ ಆಟದಲ್ಲಿ ಚಾಪೆಯ ಮೇಲೆ ಮುಂದೆ ಕೂರುವ ಜಾಗ ಸಿಗುತ್ತದೆ, ಅಲ್ಲಿಂದ ಸಾಕು. ಸಭಾಂಗಣಕ್ಕೆ 85 ಎಂಎಂ, ಇಲ್ಲವೇ 70–200 ಎಫ್ 2.8. ಪೂರ್ತಿ ತೆರೆದ ಲೆನ್ಸಿನಲ್ಲಿ ಫೋಕಸ್ ಎಷ್ಟು ತೆಳು ಅಂತ ತಿಳಿದಿರಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಎಫ್ 1.8 ಇಟ್ಟು ಆರು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಅರ್ಧ ಮೀಟರ್. ಮುಖ ಸರಿ ಬಂದರೆ ಮುಂದಕ್ಕೆ ಚಾಚಿದ ಕೈ ಮಸುಕು. ಕಣ್ಣು ಹುಡುಕುವ ಆಟೋಫೋಕಸ್ ಸಾದಾ ಮುಖಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಣ್ಣದ ವೇಷದ ಮುಂದೆ ತಡವರಿಸುತ್ತದೆ. ಮಿನುಗುವ ಎದೆಪದಕಕ್ಕೋ ಕಿರೀಟಕ್ಕೋ ಹೋಗಿ ಅಂಟಿಕೊಳ್ಳುತ್ತದೆ. ಆಗ ಒಂದೇ ಸಣ್ಣ ಪಾಯಿಂಟ್ ಆರಿಸಿ ಮುಖದ ಮೇಲಿಟ್ಟು ಕಂಟಿನ್ಯುವಸ್ ಫೋಕಸಿನಲ್ಲಿ ಹಿಂಬಾಲಿಸಿ. ಧೀಂಗಿಣಕ್ಕೆ ಇನ್ನೊಂದು ಉಪಾಯ ಇದೆ. ರಂಗಸ್ಥಳದ ಸುತ್ತಿನಲ್ಲಿ ನಿಮಗೆ ಹತ್ತಿರದ ಒಂದು ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿಡಿ. ಕಲಾವಿದರು ಒಂದೊಂದು ಬಳಸಿಗೂ ಅಲ್ಲಿಗೆ ಬರುತ್ತಾರೆ.

ಮೊಬೈಲಿನಲ್ಲಿ ಆಗುವುದಿಲ್ಲವಾ ಅಂತ ಬಿಡುವಿನಲ್ಲಿ ಒಬ್ಬರು ಕೇಳಿದರು. ಆಗುತ್ತದೆ, ಹತ್ತಿರ ಕೂರಬೇಕು. ನೈಟ್ ಮೋಡ್ ಮಾತ್ರ ಆಫ್ ಮಾಡಿ. ಅದು ಹಲವು ಫೋಟೋಗಳನ್ನು ಒಂದರ ಮೇಲೊಂದು ಸೇರಿಸುತ್ತದೆ. ನಿಂತ ದೇವಸ್ಥಾನಕ್ಕೆ ಅದು ಸರಿ, ಕುಣಿಯುವವರಿಗೆ ಮೂರು ಕೈ ಬರುತ್ತದೆ. ಪ್ರೊ ಮೋಡ್ ಇದ್ದರೆ ಶಟರ್ 1/200ಕ್ಕೆ ಕಟ್ಟಿಡಿ. ಝೂಮ್ ಮಾಡಬೇಡಿ.

ಬೇಕೆಂದೇ ಅಲುಗಿಸಿ ತೆಗೆಯುವ ಫೋಟೋಗಳೂ ಇವೆ. ಕಥಕ್‌ನ ಚಕ್ಕರ್‌ಗೆ 1/15 ಇಟ್ಟರೆ ಲಂಗ ಒಂದು ಬಣ್ಣದ ಸುಳಿಯಾಗುತ್ತದೆ. ಕ್ಯಾಮೆರಾ ಗಟ್ಟಿ ನಿಲ್ಲಲಿ, ಮೊನೊಪಾಡ್ ಇರಲಿ. ಆದರೆ ಮುಖವಾದರೂ, ಒಂದು ಪಾದವಾದರೂ ಎಲ್ಲೋ ಒಂದು ಕಡೆ ಸ್ಪಷ್ಟ ಇರಬೇಕು. ಎಲ್ಲವೂ ಅಲುಗಿದ್ದರೆ ಯಾರು ಕುಣಿಯುತ್ತಿದ್ದಾರೆ ಅನ್ನುವುದೇ ಹೋಗುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ವೇಗವಾಗಿ ತಿರುಗುತ್ತಿರುವವರ ಕಣ್ಣಿಗೆ ಕತ್ತಲೆಯಲ್ಲಿ ಫ್ಲ್ಯಾಶ್ ಹೊಡೆದರೆ ಅವರು ಬೀಳಬಹುದು. ಫೋಕಸ್‌ಗೆ ಸಹಾಯ ಮಾಡಲು ಕ್ಯಾಮೆರಾ ಬಿಡುವ ಕಿತ್ತಳೆ ಬೆಳಕನ್ನೂ ಆಫ್ ಮಾಡಿ. ಬೀಪ್ ಸದ್ದು ಆಫ್. ಹಿಂದಿನ ಪರದೆಯ ಬೆಳಕು ಕಡಿಮೆ. ಪದಾಭಿನಯದಲ್ಲಿ ಮೃದಂಗ ಕೂಡ ತಗ್ಗಿ ನುಡಿಯುವಾಗ ನಿಮ್ಮ ಶಟರಿನ ಟಕ್ ಟಕ್ ಮೂರನೇ ಸಾಲಿಗೂ ಕೇಳುತ್ತದೆ. ಆಗ ಕ್ಯಾಮೆರಾ ತೊಡೆಯ ಮೇಲಿಟ್ಟು ನೋಡಿ. ಎಲ್ಲ ಗಳಿಗೆಯೂ ನಮ್ಮ ಮೆಮೊರಿ ಕಾರ್ಡಿಗೆ ಬರಲೇಬೇಕು ಅಂತ ಇಲ್ಲ. ಕೂತ ಜಾಗದಿಂದ ಏಳಬೇಡಿ, ಹಿಂದಿನ ಅಜ್ಜಿ ಹತ್ತು ಗಂಟೆಗೇ ಬಂದು ಜಾಗ ಹಿಡಿದಿರುತ್ತಾರೆ.

ಆಯ್ಕೆಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಮನೆಗೆ ಬಂದು ಫೋಟೋ ನೋಡುವಾಗ ನಾವು ಸ್ಪಷ್ಟವಾಗಿ ಬಂದದ್ದನ್ನೆಲ್ಲ ಇಟ್ಟುಕೊಳ್ಳುತ್ತೇವೆ. ತಪ್ಪು. ಭರತನಾಟ್ಯದಲ್ಲಿ ಅಲಪದ್ಮ (ಅರಳಿದ ತಾವರೆಯ ಕೈಮುದ್ರೆ) ಅರ್ಧ ಅರಳಿದಾಗ, ಅರೆಮಂಡಿಗೆ (ಮಂಡಿ ಬಾಗಿಸಿದ ನಿಲುವಿಗೆ) ಇಳಿಯುವ ಮೊದಲೇ, ಮೊಣಕೈ ಜೋತಾಗ ಹಿಡಿದ ಫೋಟೋ ಎಷ್ಟೇ ಚೊಕ್ಕವಾಗಿರಲಿ, ಅದು ಆ ಕಲಾವಿದೆಗೆ ಮಾಡಿದ ಅನ್ಯಾಯ. ನೋಡಿದವರು ಇವರಿಗೆ ಕುಣಿಯಲು ಬರುವುದಿಲ್ಲ ಅಂದುಕೊಳ್ಳುತ್ತಾರೆ. ನೃತ್ಯ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಯ್ಕೆ ಮಾಡಿ. ಅವರು ಬೇಡ ಅಂದದ್ದನ್ನು, ನಿಮಗೆಷ್ಟೇ ಪ್ರೀತಿ ಇದ್ದರೂ, ತೆಗೆದುಹಾಕಿ. ಯಕ್ಷಗಾನಕ್ಕೆ ಮೇಳದ ಹಿರಿಯರನ್ನೇ ಕೇಳಬಹುದು. ಯಾವ ಹೆಜ್ಜೆ ಪೂರ್ತಿಯಾಗಿದೆ, ಯಾವುದು ನಡುವೆ ಇದೆ ಅಂತ ಅವರು ಒಂದು ನೋಟಕ್ಕೆ ಹೇಳುತ್ತಾರೆ.

ಕಂಪ್ಯೂಟರಿನಲ್ಲಿ ಕಾಳು ತೆಗೆಯುವ ಸಾಫ್ಟ್‌ವೇರ್ ಈಗ ಬಹಳ ಚೆನ್ನಾಗಿವೆ. ಬಣ್ಣದ ವೇಷದ ಮೇಲೆ ಹುಷಾರಾಗಿ ಬಳಸಿ. ಅದು ಚುಟ್ಟಿಯ ಸಣ್ಣ ಬಿಳಿ ಚುಕ್ಕಿಗಳನ್ನೂ ಕಾಳು ಅಂದುಕೊಂಡು ಒರೆಸಿಬಿಡುತ್ತದೆ. ಮುಖದ ಭಾಗದಲ್ಲಿ ಕಡಿಮೆ, ಹಿಂದಿನ ಕತ್ತಲೆಯಲ್ಲಿ ಜಾಸ್ತಿ ಹಾಕಿ.

ಕೊನೆಗೆ ಹೆಸರು. ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕುವಾಗ ಬರೀ ಯಕ್ಷಗಾನ ಅಂತ ಬರೆದು ನಿಮ್ಮ ಹೆಸರನ್ನು ದೊಡ್ಡದಾಗಿ ಮೂಲೆಗೆ ಹಾಕುತ್ತೀರಲ್ಲ, ಅದನ್ನು ಬಿಡಿ. ವೇಷ ಯಾವುದು, ಮಾಡಿದವರು ಯಾರು, ಪ್ರಸಂಗ ಯಾವುದು, ಯಾವ ಮೇಳ, ಯಾವ ಊರು, ಯಾವ ದಿನ, ಭಾಗವತರು ಯಾರು, ಚೆಂಡೆ ಮದ್ದಳೆ ಯಾರದ್ದು, ಇಷ್ಟೂ ಬರೆಯಿರಿ. ಫೈಲಿನ ಒಳಗೇ ಬರೆದಿಡುವ ಅವಕಾಶ ಇದೆ, ಫೋಟೋ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತದೆ. ಆ ರಾತ್ರಿಯೇ ಚೌಕಿಯಲ್ಲಿ ಕೇಳಿ ಬರೆದುಕೊಳ್ಳಿ, ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಕೇಳಲು ಹೋದರೆ ಯಾರೂ ಸಿಗುವುದಿಲ್ಲ. ಮತ್ತೆ ಒಳ್ಳೆಯ ನಾಲ್ಕು ಫೋಟೋವನ್ನು ಆ ಕಲಾವಿದರಿಗೆ ಕಳಿಸಿ, ಪೂರ್ತಿ ಗಾತ್ರದಲ್ಲಿ, ನೀರುಗುರುತು ಇಲ್ಲದೆ. ಹಿಮ್ಮೇಳದವರಿಗೂ ಕಳಿಸಿ. ಅವರ ಫೋಟೋ ಯಾರೂ ತೆಗೆಯುವುದಿಲ್ಲ. ರಾತ್ರಿಯಿಡೀ ನಿಮ್ಮ ಬೆರಳಿಗೆ ಹೊತ್ತು ಹೇಳಿಕೊಟ್ಟವರು ಅವರೇ, ಅಲ್ವಾ? ಪ್ರಶ್ನೆಗಳಿದ್ದರೆ ಈಗ ಕೇಳಿ.